ಪೀಪಿ ಟೈಲರ್ ನುಡಿಸುವುದನ್ನು ಬಿಟ್ಟದ್ದು

ಬೀದಿಯವರು ಅವನಿಗೆ ಪೀಪಿ ಟೈಲರ್ ಎಂದು ಹೆಸರಿಟ್ಟಿದ್ದರು. ಅವನು ನುಡಿಸುವುದು ಪೀಪಿಯಲ್ಲ, ಕ್ಲಾರಿನೆಟ್ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹಾಗೆ ಕರೆಯುತ್ತಿದ್ದರು. ಊರ ಬಾಯಿಗೆ ಹೊಲಿಗೆ ಹಾಕುವ ದರ್ಜಿ ಇನ್ನೂ ಹುಟ್ಟಿಲ್ಲ. ಅವನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಹಗಲೆಲ್ಲ ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟಿನ ಉದ್ದ ಮೋಟು ಮಾಡುವುದು, ಹೊಟ್ಟೆ ಬೆಳೆದವರ ಸೊಂಟ ಬಿಡಿಸುವುದು, ಕಾಜಾ ಹಾಕುವುದು, ಗುಂಡಿ ಕೂರಿಸುವುದು. ಹೊಸ ಬಟ್ಟೆ ಕತ್ತರಿಸಿ ಹೊಲಿದು ಎಷ್ಟೋ ವರ್ಷಗಳಾಗಿದ್ದವು. ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಪಡಿಸುವುದೇ ಹೊಟ್ಟೆಪಾಡಾಗಿತ್ತು. ಅಂಥ ಕಸುಬುದಾರನ ಪಾಲಿಗೆ ಇಂಥ ಬಾಳು ಬರೆದಿತ್ತಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕ್ಲಾರಿನೆಟ್ಟಿನ ಮೇಲ್ತುದಿಯಲ್ಲಿ, ತುಟಿಗೆ ತಾಗುವ ಕಡೆ, ಜೊಂಡಿನಿಂದ ಕೆತ್ತಿದ ಒಂದು ತೆಳುಪಟ್ಟಿ ಇರುತ್ತದೆ. ಅದನ್ನು ರೀಡು ಎನ್ನುತ್ತಾರೆ. ಉಸಿರು ಹಾಯ್ದರೆ ರೀಡು ಅದುರಿ ನಾದ ಹುಟ್ಟುತ್ತದೆ. ಆದರೆ ಸುಮ್ಮನೆ ಊದುತ್ತಾ ಹೋದರೆ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಗಡಿಯೇ ಇರುವುದಿಲ್ಲ. ಆ ಗಡಿ ಹಾಕುವುದು ನಾಲಿಗೆಯ ಕೆಲಸ. ಉಸಿರು ನಿಲ್ಲಬಾರದು, ನಾಲಿಗೆಯ ತುದಿ ಮಾತ್ರ ರೀಡಿನ ಅಂಚನ್ನು ಮುಟ್ಟಿ ಬಿಡಬೇಕು, ಬಾಯಲ್ಲಿ ‘ತು’ ಅಂದಷ್ಟು ಹಗುರವಾಗಿ. ಹೇಳಲು ಇಷ್ಟೇ, ಕಲಿಯಲು ಅರ್ಧ ಆಯುಷ್ಯ. ಬೆರಳು ತಪ್ಪಿದರೆ ಗುರುವಿನ ಕಣ್ಣಿಗೆ ಬೀಳುತ್ತದೆ. ನಾಲಿಗೆ ತಪ್ಪಿದರೆ ಅದು ಮುಚ್ಚಿದ ಬಾಯೊಳಗಿನ ವ್ಯವಹಾರ, ಕಿವಿಯೊಂದನ್ನು ಬಿಟ್ಟರೆ ಯಾರ ಕೈಗೂ ಸಿಕ್ಕುವುದಿಲ್ಲ.

ಪೀಪಿ ಟೈಲರಿಗೆ ಕಲಿಸಿದವರು ಊರ ಬ್ಯಾಂಡಿನ ಹಳೆಯ ಮೇಷ್ಟ್ರು. ತಂದೆಯಿಲ್ಲದ ಹುಡುಗನನ್ನು ಕರೆದು ಕೂರಿಸಿಕೊಂಡು ಊಟ ಹಾಕಿ ಪಾಠ ಹೇಳಿದವರು. ಮಾತು ಬಹಳ ಕಡಿಮೆ. ಆಡಿದರೂ ಅಕ್ಷರಗಳು ಅಂಚು ಸವೆದು ಮೆತ್ತಗೆ ಬರುತ್ತಿದ್ದವು. ಮನಸ್ಸು ಮೃದು, ಅದಕ್ಕೇ ಮಾತೂ ಮೃದು ಎಂದುಕೊಂಡಿದ್ದರು ಜನ. ‘ತುದಿಯಿಂದ ಮುಟ್ಟು’ ಎಂದು ಎಲ್ಲ ಹುಡುಗರಿಗೂ ಹೇಳಿದಂತೆ ಇವನಿಗೂ ಹೇಳಿದರು. ಇವನು ತುದಿಯಿಂದಲೇ ಮುಟ್ಟಿದ. ಸ್ವರ ಟಕ್ ಟಕ್ ಎಂದು ಬಂತು, ಸರಿಯಾಗಿಯೇ ಬಂತು. ಆದರೆ ಮೇಷ್ಟ್ರ ಸ್ವರ ಹಾಗಿರಲಿಲ್ಲ. ಬಾಗಿಲು ತೆರೆದದ್ದೇ ಗೊತ್ತಾಗದೆ ಒಳಗೆ ಬಂದು ಕೂತ ನೆಂಟನ ಹಾಗೆ ಅವರ ಸ್ವರ ಶುರುವಾಗುತ್ತಿತ್ತು. ಹುಡುಗನಿಗೆ ಬೇಕಾದದ್ದು ಅದು. ದಿನವಿಡೀ ಬಾಯೊಳಗೆ ಹುಡುಕಿದ. ಕೊನೆಗೆ ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಟ್ಟು, ನಾಲಿಗೆಯ ನಡುಭಾಗವನ್ನೆತ್ತಿ ರೀಡಿಗೆ ತಾಗಿಸಿದಾಗ ಅದೇ ನಾದ, ಮೇಷ್ಟ್ರ ನಾದ, ಅವನ ವಾದ್ಯದಿಂದ ಹೊರಟಿತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು ಏನೋ ಹೇಳಲು ಹೊರಟವರು ಹೇಳಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟರು. ಅಪ್ಪನಿಲ್ಲದ ಹುಡುಗನಿಗೆ ಅಷ್ಟಾದರೆ ಮತ್ತೇನು ಬೇಕು.

ಮೇಷ್ಟ್ರು ಹೋದ ಮೇಲೂ ಅವನು ಭಾನುವಾರ ಸಂಜೆ ಪಾರ್ಕಿನಲ್ಲಿ ಬ್ಯಾಂಡಿನ ಜೊತೆ ಕೂತು ನುಡಿಸುತ್ತಿದ್ದ. ನಿಧಾನದ ರಾಗವೆಂದರೆ ಎಲ್ಲರೂ ಅವನ ಮುಖ ನೋಡುವರು. ಬೆಂಚಿನ ಮೇಲಿನ ಮುದುಕರು ಮಾತು ನಿಲ್ಲಿಸುವರು. ಓಟದ ತುಣುಕು ಬಂದರೆ ಮಾತ್ರ ಪಕ್ಕದವನಿಗೆ ಬಿಟ್ಟು ಇವನು ಕರವಸ್ತ್ರದಲ್ಲಿ ವಾದ್ಯ ಒರೆಸುತ್ತಾ ಕೂರುವನು. ‘ಹೊಲಿಗೆ ಚೆನ್ನಾಗಿ ಬೀಳಬೇಕಾದರೆ ಮಷೀನು ಮೆಲ್ಲಗೆ ಓಡಬೇಕು ಕಣಯ್ಯಾ’ ಎಂದು ನಗುವನು. ನಾಲಿಗೆಯ ನಡುಭಾಗ ದಪ್ಪ, ಅದು ಓಡಲಾರದು. ಇದು ಅವನಿಗೆ ತನ್ನ ಸ್ವಭಾವ ಅನ್ನಿಸಿತ್ತೇ ಹೊರತು ದೋಷ ಅನ್ನಿಸಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಗಟ್ಟಿಯಾದದ್ದೇ ತಡ, ಅವಳ ಕೈಗೆ ಕ್ಲಾರಿನೆಟ್ ಕೊಟ್ಟ. ಇಸ್ತ್ರಿ ಮೇಜಿನ ಆಚೆ ಬದಿಗೆ ಅಪ್ಪ ಮಗಳು ಕೂತು ಊದಿದರೆ ಈಚೆಗೆ ಅವನ ಹೆಂಡತಿ ಊರವರ ಅಂಗಿಗಳಿಗೆ ಇಸ್ತ್ರಿ ತಿಕ್ಕುತ್ತಾ, ಈ ಮನೆಯಲ್ಲಿ ಅನ್ನಕ್ಕಿಂತ ಗಾಳಿಯೇ ಜಾಸ್ತಿ ಖರ್ಚು ಎಂದು ಗೊಣಗುವಳು. ಗೊಣಗಾಟ ಬಾಯಿಗೆ ಮಾತ್ರ. ಮಗಳು ಹೊಸ ರಾಗ ಹಿಡಿದ ದಿನ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ನಿಂತು ಕೇಳುವಳು. ಮಗಳಿಗೂ ಅಪ್ಪನ ಹಾಗೇ ನುಡಿಸುವ ಹುಚ್ಚು. ನಾಲಿಗೆ ಎಲ್ಲಿಡಬೇಕು ಎಂದು ಅವನು ತೋರಿಸಿಕೊಟ್ಟ. ತನಗೆ ಸಿಕ್ಕಿದ ಗಂಟನ್ನು ಮಗಳಿಗೆ ಕೊಡುವುದರಲ್ಲಿ ಯಾವ ಅಪ್ಪನಿಗೆ ತಾನೇ ಅನುಮಾನ ಬರುತ್ತದೆ.

ಮಗಳಿಗೆ ದೊಡ್ಡ ಸಂಗೀತ ಶಾಲೆ ಸೇರುವ ಆಸೆ. ಬೇರೆ ಏನೂ ಬೇಡ, ಅದೊಂದೇ. ಅಲ್ಲಿಯ ಪ್ರವೇಶ ಪರೀಕ್ಷೆಗೆ ಒಬ್ಬರು ಎರಡೇ ಸಲ ಕೂರಬಹುದು. ಮೊದಲ ಸಲ ಹೋದಳು. ನಿಧಾನದ ರಾಗ ಹೂವಿನ ಹಾಗೆ ಬಂತು. ಓಟದ ರಾಗದಲ್ಲಿ ನಾಲಿಗೆ ಬೆರಳಿನ ಹಿಂದೆ ಬಿತ್ತು, ಸ್ವರಗಳು ಒಂದರ ಮೇಲೊಂದು ಏರಿ ಮುದ್ದೆಯಾದವು. ಅಲ್ಲಿಗೆ ಮುಗಿಯಿತು. ಕಣ್ಣೊರೆಸಿಕೊಂಡು ಹೊರಬಂದವಳನ್ನು ಮೊಗಸಾಲೆಯಲ್ಲಿ ಕೂತು ಕೇಳುತ್ತಿದ್ದ ಒಬ್ಬ ಹೆಂಗಸು ತಡೆದಳು. ಆ ಶಾಲೆಯಲ್ಲೇ ಕ್ಲಾರಿನೆಟ್ ಕಲಿಸಿ ನಿವೃತ್ತಳಾಗಿದ್ದ ಮೇಡಂ ಆಕೆ. ನಿನ್ನ ನಾದ ಬಹಳ ಚೆನ್ನಾಗಿದೆ, ನಾಲಿಗೆ ಮಾತ್ರ ತಪ್ಪು ಜಾಗದಲ್ಲಿ ಬೀಳುತ್ತಿದೆ, ನನ್ನ ಹತ್ತಿರ ಬಾ, ತಿದ್ದುತ್ತೇನೆ ಎಂದಳು. ಮಗಳು ಮನೆಗೆ ಬಂದು ಹೇಳಿದಾಗ ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ತಪ್ಪು ಜಾಗ ಎಂದರೇನು, ಅದು ಮೇಷ್ಟ್ರ ಜಾಗ ಎಂದ. ಆದರೂ ಹೋಗಬೇಡ ಎನ್ನಲಿಲ್ಲ. ಇನ್ನು ಉಳಿದದ್ದು ಒಂದೇ ಅವಕಾಶ.

ಹೊಸದಾಗಿ ಹೊಲಿಯುವುದು ಸುಲಭ, ಹೊಲಿದದ್ದನ್ನು ಬಟ್ಟೆ ಹರಿಯದಂತೆ ಬಿಚ್ಚುವುದು ಕಷ್ಟ. ಮಗಳು ಎಲ್ಲ ರಾಗಗಳನ್ನೂ ಬಿಟ್ಟು ಒಂದೇ ಸ್ವರ ಹಿಡಿದು ‘ತು... ತು... ತು’ ಎಂದು ಕೂತಳು. ನಿನ್ನೆ ಮೊನ್ನೆ ವಾದ್ಯ ಹಿಡಿದ ಮಕ್ಕಳ ಹಾಗೆ ಕೀರಲು ಸ್ವರ, ನಡುನಡುವೆ ಕಿಚ್ ಎನ್ನುವುದು. ಶನಿವಾರ ಮೇಡಂ ಹತ್ತಿರ ತುದಿ ಸರಿಯಾಗಿ ಕೂರುವುದು. ಮನೆಯಲ್ಲಿ ಸಂಜೆ ಕೆಲಸದಿಂದ ಬಂದ ಅಪ್ಪ ಎಂದಿನಂತೆ ತನ್ನ ನಿಧಾನದ ರಾಗ ಎತ್ತುವನು. ಪಕ್ಕದ ಕೋಣೆಯಲ್ಲಿದ್ದ ಮಗಳ ನಾಲಿಗೆ, ವಾದ್ಯ ಕೈಯಲ್ಲಿಲ್ಲದಿದ್ದರೂ, ಬಾಯೊಳಗೆ ತಾನಾಗಿ ಹಳೆಯ ಜಾಗಕ್ಕೆ ಹೋಗಿ ಮಲಗುವುದು. ಮುಂದಿನ ಶನಿವಾರ ಮತ್ತೆ ಅಆಇಈ. ತಿಂಗಳುಗಳು ಹೀಗೇ ಹೋದವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಇಲ್ಲಿ ಗಿಡವಾಗಿದ್ದಾಗ ಬಗ್ಗಿಸಿದ್ದೇ ವಕ್ರವಾಗಿತ್ತು. ಕೊನೆಗೆ ಮೇಡಂ ಅಪ್ಪನನ್ನೇ ಬರಹೇಳಿದಳು.

ಔಷಧಿ ಅಂಗಡಿಯ ಮಹಡಿಯ ಮೇಲೆ ಆಕೆಯ ಕೋಣೆ. ಎರಡು ಕುರ್ಚಿ, ಒಂದು ಸ್ಟ್ಯಾಂಡು, ಕಿಟಕಿಯ ಕಟ್ಟೆಯ ಮೇಲೆ ನೀರಿನ ಲೋಟದಲ್ಲಿ ನೆನೆಹಾಕಿದ ರೀಡುಗಳು. ನುಡಿಸಿ ಎಂದಳು. ಅವನು ನುಡಿಸಿದ. ಆಕೆ ಕೊನೆಯ ಸ್ವರ ಆರುವವರೆಗೂ ಅಲುಗಾಡದೆ ಕೇಳಿದಳು. ಇಂಥ ನಾದ ನಾನು ಬೇರೆಲ್ಲೂ ಕೇಳಿಲ್ಲ ಎಂದಳು, ಮುಲಾಜಿಗೆ ಹೇಳಿದ್ದಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದಳು:

“ಮಗಳ ಕಿವಿಗೆ ಇದು ಬೀಳ್ತಾ ಇರೋವರೆಗೆ ಅವಳ ನಾಲಿಗೆ ಬದಲಾಗಲ್ಲ. ನೀವು ನುಡಿಸೋದು ನಿಲ್ಲಿಸ್ಬೇಕು.”

“ಎಷ್ಟು ದಿನ?”

“ಅವಳು ಮರೆಯೋವರೆಗೆ.”

ಅವನು ಕೆಂಡಾಮಂಡಲವಾಗಿ ಮನೆಗೆ ಬಂದ. ಹೆಂಡತಿಯ ಮುಂದೆ ಕೂಗಾಡಿದ. ನನ್ನ ಮನೆಯಲ್ಲಿ ನಾನು ನುಡಿಸಬಾರದಂತೆ, ನನ್ನ ಮಗಳು ನನ್ನನ್ನು ಮರೆಯಬೇಕಂತೆ, ಮೇಷ್ಟ್ರು ಕಲಿಸಿದ್ದಕ್ಕೆ ಹೆಸರಿಡುವುದಕ್ಕೆ ಇವಳು ಯಾರು. ಹೆಂಡತಿ ಅಂಗಿಯ ಕಾಲರು ತಿರುವಿ ಹಾಕುತ್ತಾ, ಮೇಷ್ಟ್ರು ನಿಮಗೆ ಹಾಗೇ ಕಲಿಸಿದರು ಅಂತೀರಲ್ಲ, ಅವರ ಮನೆಯಮ್ಮ ಇನ್ನೂ ಇದ್ದಾರೆ, ಹೋಗಿ ಕೇಳಬಾರದೇ ಎಂದಳು. ಎಲುಬಿಲ್ಲದ ನಾಲಿಗೆ ಎಂದು ಬೀದಿಯಲ್ಲಿ ಬೈಸಿಕೊಂಡವಳು ಅವಳು. ಅವಳು ಆ ದಿನ ಆಡಿದ್ದು ಅಷ್ಟೇ.

ಮೇಷ್ಟ್ರ ಮನೆಯಮ್ಮ ತಮ್ಮನ ಮನೆಯ ಹಿಂಭಾಗದ ಕೋಣೆಯಲ್ಲಿದ್ದರು. ಕಣ್ಣು ಮಂಜಾಗಿತ್ತು. ಧ್ವನಿಯಿಂದಲೇ ಗುರುತು ಹಿಡಿದು, ಬಾರಪ್ಪಾ ಎಂದು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು. ಅವನು ಸುತ್ತು ಬಳಸಿ ವಿಷಯಕ್ಕೆ ಬಂದ. ಮೇಷ್ಟ್ರು ನಾಲಿಗೆಯ ನಡುಭಾಗ ತಾಗಿಸಿ ನುಡಿಸುತ್ತಿದ್ದರಲ್ಲ, ಅದು ಯಾವ ಪದ್ಧತಿ, ಅವರಿಗೆ ಯಾರು ಕಲಿಸಿದ್ದು ಎಂದು ಕೇಳಿದ. ಅಮ್ಮ ಅವನ ಕಡೆಗೆ ಮುಖ ತಿರುಗಿಸಿದರು.

“ಪದ್ಧತಿ ಎಲ್ಲಿಂದ ಬಂತಪ್ಪ. ಅವರಿಗೆ ನಾಲಿಗೆ ತುದಿಯೇ ಇರ್ಲಿಲ್ಲ. ಚಿಕ್ಕವರಿದ್ದಾಗ ಮೆಟ್ಟಿಲಿಂದ ಬಿದ್ದು ಕಚ್ಚಿಕೊಂಡಿದ್ರು. ತುಂಡಾಗೇ ಹೋಗಿತ್ತು.”

ಅವನಿಗೆ ಮೇಷ್ಟ್ರ ಮಾತು ನೆನಪಾಯಿತು. ಆ ಸವೆದ ಅಕ್ಷರಗಳು, ಆ ಕಡಿಮೆ ಮಾತು. ಅದು ಮೃದುತನವಲ್ಲ, ಗಾಯ. ಗುರು ಕುಂಟುತ್ತಾ ನಡೆದರೆಂದು ಎರಡು ಕಾಲೂ ಗಟ್ಟಿಯಿದ್ದ ಶಿಷ್ಯ ಜೀವಮಾನವೆಲ್ಲ ಕುಂಟಿದ್ದ, ಮಗಳಿಗೂ ಕುಂಟುವುದನ್ನೇ ಕಲಿಸಿದ್ದ. ಮೇಷ್ಟ್ರಿಗೆ ನಾನು ಮಾಡುತ್ತಿದ್ದದ್ದು ತಿಳಿದಿರಲಿಲ್ಲವೇ ಎಂದು ಕೊನೆಗೆ ಕೇಳಿದ. ಇಲ್ಲ ಎಂಬ ಉತ್ತರಕ್ಕಾಗಿ ಕೇಳಿದ್ದು.

“ತಿಳೀದೆ ಏನು. ನಿಂಗೆ ಆ ನಾದ ಬಂದ ದಿನ, ನೀನು ಹೋದ್ಮೇಲೆ ಊಟಕ್ಕೆ ಕೂತವರು ಎದ್ದುಬಿಟ್ರು. ಹುಡುಗ ತಪ್ಪು ಹಿಡ್ಕೊಂಡಿದಾನೆ, ತಿದ್ದೋಕೆ ಮನಸ್ಸು ಬರ್ತಿಲ್ಲ ಅಂದ್ರು. ತಿದ್ದಿದ್ರೆ ನನ್ನ ಹಾಗೆ ನುಡಿಸೋರು ಯಾರೂ ಇರಲ್ಲ ಅಂದ್ರು. ನಾಳೆ ತಿದ್ತೀನಿ, ನಾಳೆ ತಿದ್ತೀನಿ ಅಂತಾನೇ ಇದ್ರು ಪಾಪ.”

ಅಲ್ಲಿಂದ ಹೊರಟವನು ನೇರ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬಂದ ಬಸ್ಸುಗಳನ್ನೆಲ್ಲ ಬಿಟ್ಟ. ಮೇಷ್ಟ್ರ ಮೇಲೆ ಸಿಟ್ಟು ಬಂತು, ಬಾಯಿಗೆ ಬಂದದ್ದನ್ನೆಲ್ಲ ಮನಸ್ಸಿನಲ್ಲೇ ಅಂದ. ಅಂದಷ್ಟೂ ತಲೆಯ ಮೇಲೆ ಇಟ್ಟ ಕೈ ನೆನಪಾಗಿ ದುಃಖ ಒತ್ತರಿಸಿ ಬಂತು. ಆ ಮುದುಕರ ಆಸೆ ಅವನಿಗೆ ಅರ್ಥವಾಗದ ಆಸೆಯಲ್ಲ. ತಾನು ಹೋದ ಮೇಲೂ ತನ್ನ ನಾದ ಮಗಳ ಬಾಯಲ್ಲಿರಲಿ ಎಂದು ಅವನೂ ಬಯಸಿದ್ದ. ಬಯಸಿದ್ದೇನು, ಅದರ ಬಲದ ಮೇಲೇ ಪ್ಯಾಂಟುಗಳ ರಾಶಿಯ ನಡುವೆ ದಿನ ದೂಡಿದ್ದ. ಅದನ್ನು ಬಿಡದಿದ್ದರೆ ಮಗಳಿಗೆ ಶಾಲೆ ಇಲ್ಲ. ಮೇಷ್ಟ್ರ ಹಾಗೆ ‘ನಾಳೆ’ ಎನ್ನಲು ಅವಳ ಪಾಲಿಗೆ ನಾಳೆಗಳು ಉಳಿದಿರಲಿಲ್ಲ.

ಮನೆಗೆ ಬಂದು ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲೆ ಏರಿಸಿದ. ಹಲ್ಲಿನ ವಸಡು ಕೆಟ್ಟಿದೆ, ಡಾಕ್ಟರು ಊದಬೇಡ ಎಂದಿದ್ದಾರೆ ಎಂದು ಮಗಳಿಗೆ ಹೇಳಿದ. ಭಾನುವಾರ ಮಗಳು ಪಾರ್ಕಿಗೆ ಬರುತ್ತಿದ್ದಳಾದ್ದರಿಂದ ಬ್ಯಾಂಡನ್ನೂ ಬಿಟ್ಟ. ಜೊತೆಗಾರರು ಮನೆಗೆ ಬಂದು, ಹಲ್ಲು ಹೋದರೇನು, ಗುಂಡಿ ಕೂರಿಸಿಕೊಳ್ಳೋ ಎಂದು ತಮಾಷೆ ಮಾಡಿದರು. ಅವನೂ ನಕ್ಕ. ಹೆಂಡತಿ ಮಾತ್ರ ನಗಲಿಲ್ಲ.

ಆದರೆ ನಾದವಿಲ್ಲದೆ ಇರುವುದು ಅವನ ಕೈಲಾಗುವ ಕೆಲಸವಾಗಿರಲಿಲ್ಲ. ಮಗಳು ಕಲಿಯಬಹುದಾದರೆ ನಾನೇಕೆ ಕಲಿಯಬಾರದು, ಸರಿಯಾದದ್ದನ್ನೇ ಕಲಿತು ಮುಂದೊಂದು ದಿನ ಅವಳ ಜೊತೆ ನುಡಿಸುತ್ತೇನೆ ಎಂದುಕೊಂಡ. ಪೆಟ್ಟಿಗೆಯಿಂದ ವಾದ್ಯದ ಮೂತಿಯನ್ನು, ರೀಡು ಕಟ್ಟುವ ಮೇಲ್ತುಂಡನ್ನು, ಮಾತ್ರ ತೆಗೆದು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವನು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಕಿರುಗೂಡಿಗೆ ಹೋಗಿ ಚಿಲಕ ಹಾಕಿಕೊಳ್ಳುವನು. ಮೂರು ಕಡೆ ಕನ್ನಡಿ. ಮೂರು ಕನ್ನಡಿಯಲ್ಲೂ ಕೆನ್ನೆ ಉಬ್ಬಿಸಿದ, ತಲೆ ನರೆತ ಒಬ್ಬ ಮನುಷ್ಯ; ನಾಲಿಗೆ ಒಂದರಲ್ಲೂ ಕಾಣುವುದಿಲ್ಲ. ತುದಿ ಎತ್ತಿದರೆ ನಡುಭಾಗವೂ ಏಳುವುದು, ನಡುಭಾಗ ಒತ್ತಿದರೆ ತುದಿ ಮರಗಟ್ಟುವುದು. ಎಷ್ಟು ಹೆಣಗಿದರೂ ಹೊಸದು ಬರಲಿಲ್ಲ. ಒಂದು ದಿನ ಬೇಸತ್ತು, ಹೋಗಲಿ, ಹಳೆಯದನ್ನೇ ಒಮ್ಮೆ ಕೇಳೋಣ ಎಂದು ಊದಿದ. ಅದೂ ಬರಲಿಲ್ಲ. ಎಲ್ಲಿ ತಾಗಬೇಕು ಎಂದು ಯೋಚನೆ ಹೊಕ್ಕ ನಾಲಿಗೆ ಹಳೆಯ ಜಾಗವನ್ನೂ ಮರೆತಿತ್ತು. ಅವನು ಗಾಬರಿಯಿಂದ ಮತ್ತೆ ಮತ್ತೆ ಊದಿದ. ಮೂತಿಯಿಂದ ಬಂದದ್ದು ಒಡಕು ಗಾಳಿ. ಗೂಡಿನ ಪುಟ್ಟ ಸ್ಟೂಲಿನ ಮೇಲೆ ಕೂತು, ಮಾಲೀಕ ಬಂದು ಬಾಗಿಲು ತಟ್ಟುವವರೆಗೆ ಅತ್ತ.

ಮೂತಿಯನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದ, ನಡೆದದ್ದನ್ನು ಹೆಂಡತಿಗೂ ಹೇಳಲಿಲ್ಲ. ಅಷ್ಟರಲ್ಲಿ ಮೇಡಂ ಮಗಳಿಗೆ ದಿನಾ ತನ್ನ ಕೋಣೆಯಲ್ಲೇ ಅಭ್ಯಾಸ ಮಾಡಿಸತೊಡಗಿದ್ದಳು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದೊಂದೇ ಉಳಿಯಿತು. ಗಾಳಿಯ ಖರ್ಚು ಉಳಿದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಅವನು ಅಂಗಡಿಗೆ ರಜೆ ಹೇಳಿ ಮಗಳ ಜೊತೆ ಹೋದ. ಒಳಗೆ ಪರದೆ ಕಟ್ಟಿದ್ದರು. ಯಾರು ನುಡಿಸುತ್ತಾರೆಂದು ಪರೀಕ್ಷಕರಿಗೆ ತಿಳಿಯಬಾರದೆಂದು ಅಲ್ಲಿಯ ಕಟ್ಟಳೆ. ಮಕ್ಕಳೆಲ್ಲ ಹಿಂಬಾಗಿಲಿನಿಂದ ಹೋದರು. ಹೆತ್ತವರು ಮೊಗಸಾಲೆಯ ಬೆಂಚುಗಳ ಮೇಲೆ ಕೂತರು. ಮುಚ್ಚಿದ ಬಾಗಿಲಿನಾಚೆಯಿಂದ ಒಬ್ಬೊಬ್ಬರ ನುಡಿಸಾಣಿಕೆ ಬರತೊಡಗಿತು. ಒಬ್ಬರ ಸ್ವರ ಹೆದರಿ ನಡುಗಿತು. ಒಬ್ಬರು ಅಚ್ಚುಕಟ್ಟಾಗಿ ನುಡಿಸಿದರು, ಜೀವವಿರಲಿಲ್ಲ. ಇನ್ನೊಬ್ಬರು ಓಟದ ರಾಗವನ್ನು ಒಂದೊಂದು ಸ್ವರವೂ ಬೇರೆ ಬೇರೆ ಹೊಳೆಯುವಂತೆ ನುಡಿಸಿಬಿಟ್ಟರು; ಪಕ್ಕದಲ್ಲಿದ್ದ ಯಾರದೋ ತಾಯಿ ಉಸಿರು ಬಿಗಿಹಿಡಿದಳು. ಇಂಥವರ ಮುಂದೆ ನನ್ನ ಮಗಳ ಗತಿಯೇನು ಎಂದುಕೊಂಡ. ಕಣ್ಣು ಮುಚ್ಚಿ ಕಾದ. ಎಷ್ಟೇ ತಿದ್ದಿದ್ದರೂ ಎಲ್ಲೋ ಒಂದು ಸ್ವರದ ಶುರುವಿನಲ್ಲಾದರೂ ಆ ಮೆತ್ತನೆಯ ಸ್ಪರ್ಶ ಇರುತ್ತದೆ, ಅದು ಬಂದಾಗ ಇವಳೇ ಎಂದು ತಿಳಿಯುತ್ತದೆ ಎಂದು ಕಾದ. ಒಬ್ಬರಾದ ಮೇಲೆ ಒಬ್ಬರು ನುಡಿಸಿದರು. ಅದು ಯಾರಲ್ಲೂ ಬರಲಿಲ್ಲ. ಬಾಗಿಲು ತೆರೆದು ಎಲ್ಲರದೂ ಮುಗಿಯಿತೆಂದಾಗ ಅವನು ಎದ್ದುನಿಂತು, ನನ್ನ ಮಗಳು ನುಡಿಸಲೇ ಇಲ್ಲ, ಏನಾಯಿತು ನೋಡಿ ಎಂದು ಬಾಗಿಲಿನವನನ್ನು ಕೇಳಿದ.

ಅವಳು ನುಡಿಸಿದ್ದಳು. ಓಟದ ರಾಗವನ್ನು ಹೊಳೆಯಿಸಿದವಳು ಅವಳೇ. ಸಂಜೆಯೊಳಗೆ ಆಯ್ಕೆಯಾದವರನ್ನು ಕರೆದರು, ಅವಳನ್ನೂ ಕರೆದರು. ಅಲ್ಲಿಗೆ ಬಂದಿದ್ದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ಮಗಳು ಅವನ ತೋಳು ಹಿಡಿದು, ನಾನು ಯಾವುದು ಅಂತ ಗೊತ್ತಾಯ್ತಾ ಎಂದು ಕೇಳಿದಳು. ಗೊತ್ತಾಯಿತು ಎಂದರೆ ಅವಳ ಇಷ್ಟು ದಿನದ ಪಾಡು ಸುಳ್ಳಾಗುತ್ತದೆ.

“ಗೊತ್ತಾಗ್ಲಿಲ್ಲ ಮಗಳೇ. ಒಂದು ಚೂರೂ ಗೊತ್ತಾಗ್ಲಿಲ್ಲ.”

ಅವಳಿಗೆ ಅದು ಬಹುಮಾನ. ಗಟ್ಟಿಯಾಗಿ ನಕ್ಕಳು. ನಕ್ಕವಳು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ತೋಳು ಬಿಟ್ಟು, ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಮನೆಗೆ ಬಂದು ಚಪ್ಪಲಿ ಕಳಚಿದವಳೇ ಕುರ್ಚಿ ಎಳೆದು, ಹತ್ತಿ, ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಿದಳು. ಹಲ್ಲಿನ ಸುಳ್ಳನ್ನು ಅವಳು ಎಂದೂ ನಂಬಿರಲಿಲ್ಲ. ಇನ್ನು ನನಗೇನೂ ಆಗುವುದಿಲ್ಲ, ನೀನು ನುಡಿಸಪ್ಪಾ, ನಾನು ಕೇಳಬೇಕು ಎಂದಳು. ಅವನು ತುಂಡುಗಳನ್ನು ಜೋಡಿಸಿದ, ರೀಡು ಕಟ್ಟಿದ, ತುಟಿಗಿಟ್ಟ. ತೆಗೆದ.

“ಹೋಯ್ತಮ್ಮ. ನನ್ನ ಬಾಯಲ್ಲೂ ಇಲ್ಲ ಅದು.”

ಮಗಳು ಅವನ ಕೈಯಿಂದ ವಾದ್ಯ ತೆಗೆದುಕೊಂಡಳು. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿ, ಅವನು ತೋರಿಸಿಕೊಟ್ಟಂತೆಯೇ ನಡುಭಾಗವನ್ನೆತ್ತಿ, ಆ ನಿಧಾನದ ರಾಗವನ್ನು ಎತ್ತಿದಳು. ಊದಿದ್ದೇ ತಡ, ತುದಿ ತಾನಾಗಿ ಎದ್ದು ರೀಡನ್ನು ಮುಟ್ಟಿತು; ಸ್ವರ ಟಕ್ ಎಂದು ಶುಚಿಯಾಗಿ ಬಂತು. ನಿಲ್ಲಿಸಿ ಮತ್ತೆ ಎತ್ತಿದಳು. ಮತ್ತೆ ಶುಚಿಯಾಗಿ ಬಂತು. ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದಳು. ಮಗಳ ಕಣ್ಣಿನಿಂದ ನೀರು ಇಳಿದು ತುಟಿಯ ಅಂಚಿಗೆ ಬಂದರೂ ಬಿಡದೆ ಮೊದಲ ಸ್ವರವನ್ನೇ ಹುಡುಕುತ್ತಿದ್ದಳು. ಅವನು ಅವಳ ಬೆರಳುಗಳ ಮೇಲೆ ಕೈಯಿಟ್ಟು ವಾದ್ಯವನ್ನು ಮೆಲ್ಲಗೆ ಕೆಳಗಿಳಿಸಿದ.

“ಸಾಕು ಬಿಡಮ್ಮ” ಎಂದ. “ಇದೇ ಸರಿ.”